ಚೌಕ ದಾಟದ ಸಮನ್ಸು

ಅಯ್ಯೋ, ಮಾತಾಡ್ಬೇಡಿ ಸಾಹೇಬ್ರೇ, ಮಾತಾಡ್ಬೇಡಿ! ಬಾಯಿ ತೆರೀರಿ. ಇನ್ನೂ ಸ್ವಲ್ಪ... ಹಾಂ, ಹಾಗೆ. ಮಾತಾಡೋ ಕೆಲಸ ಇವತ್ತು ನಂದು. ಆ ಕಡೆ ನಿಮ್ಮ ಕೋರ್ಟಿನಲ್ಲಿ ನೀವು ಮಾತಾಡ್ತೀರಿ, ಊರು ಕೇಳತ್ತೆ. ಇಲ್ಲಿ, ಈ ಕುರ್ಚಿ ಮೇಲೆ, ಜಡ್ಜ್ ತೆಚೇರಾ ಅನ್ನೋರು ಯಾರೂ ಇಲ್ಲ. ಇಲ್ಲಿರೋದು ಒಂದು ಕೆಳದವಡೆ, ಅದರಲ್ಲಿ ಕೀವು ತುಂಬ್ಕೊಂಡಿರೋ ಒಂದು ಹಲ್ಲು. ಅಷ್ಟೇ!

ಯಾಕೆ ಹಾಗೆ ಕಣ್ಣು ಬಿಡ್ತೀರಿ? ಸೂಜಿ ನೋಡಿ ಹೆದರಿದ್ರಾ, ಸೂಜಿ ಹಿಡಿದಿರೋನನ್ನ ನೋಡಿ ಹೆದರಿದ್ರಾ? ಹೌದು, ನಾನೇ. ನೆಲ್ಬಾ ಒಲಿವೇರಾ ಹೂಡಿರೋ ದಾವೆಯ ಪ್ರತಿವಾದಿ, ಅತಾಲಿಬಾ ಫಗುಂಡಿಸ್, ಹಲ್ಲಿನ ಡಾಕ್ಟರು, ಲಿವ್ರಮೆಂತೊ ಊರು, ಬ್ರೆಜಿಲ್ ದೇಶ. ನಿಮ್ಮ ಮೇಜಿನ ಮೇಲೆ ಧೂಳು ಕುಡೀತಾ ಬಿದ್ದಿದೆಯಲ್ಲ ಫೈಲು, ಅದರ ಅಸಲಿ ಮುಖ ಇದು. ಮಾಸ್ಕ್ ತೆಗೀಲಾ? ತಗೊಳ್ಳಿ, ಕಣ್ತುಂಬ ನೋಡಿ. ನೋಡಿ ಏನ್ ಮಾಡ್ತೀರಿ? ಈ ಕೋಣೇಲಿ ನಿಮ್ಮ ಗೌನಿಗಿಂತ ನನ್ನ ಏಪ್ರನ್ನು ದೊಡ್ಡದು.

ಈಗ ಚುಚ್ತೀನಿ. ಇರುವೆ ಕಚ್ಚಿದ ಹಾಗೆ ಆಗತ್ತೆ... ಆಯ್ತು, ಆಯ್ತು, ಕುರ್ಚಿ ಕೈ ಮುರೀಬೇಡಿ! ಮರಗಟ್ಟೋಕೆ ಸ್ವಲ್ಪ ಹೊತ್ತು ಬೇಕು. ಅಲ್ಲೀವರೆಗೆ ಈ ಹತ್ತಿ ಇಟ್ಕೊಂಡು ಬಾಯಿ ಹಾಗೇ ಇರಲಿ.

ಏನು, ಕೈ ಆಡಿಸ್ತೀರಿ? ಕೇಸಿನ ವಿಷಯ ಮಾತಾಡ್ಬಾರ್ದು ಅಂತಾನಾ? ನೀವೆಲ್ಲಿ ಮಾತಾಡ್ತಿದೀರಿ! ಮಾತಾಡ್ತಿರೋನು ನಾನು. ಅದೂ ಉರುಗ್ವೆಯ ಜಡ್ಜ್ ಹತ್ರ ಅಲ್ಲ, ಹಲ್ಲು ನೋವಿನ ಮನುಷ್ಯನ ಹತ್ರ. ನಿಮ್ಮೂರಿನ ಹಲ್ಲಿನ ಡಾಕ್ಟ್ರು ಮೀನು ಹಿಡಿಯೋಕೆ ಹೋಗಿ ವಾರ ಆಯ್ತಂತೆ. ಪಾಪ, ನೀವು ಎರಡು ರಾತ್ರಿ ಲವಂಗ ಕಚ್ಕೊಂಡು ಒದ್ದಾಡಿದ್ರಿ, ಕೊನೆಗೆ ಇವತ್ತು ಮಧ್ಯಾಹ್ನ ಊರೆಲ್ಲ ಊಟ ಮಾಡಿ ಮಲಗಿರೋ ಹೊತ್ತಲ್ಲಿ, ಕುತ್ತಿಗೆ ಪಟ್ಟಿ ಮೂಗಿನ ತನಕ ಎಳ್ಕೊಂಡು, ಚೌಕ ದಾಟಿ ಬಂದ್ರಿ. ಎಷ್ಟು ಸಲೀಸಾಗಿ ಬಂದ್ರಿ ನೋಡಿ! ನಿಮ್ಮ ಹಲ್ಲುನೋವಿಗೆ ಯಾರಾದ್ರೂ ಮೊಹರು ಕೇಳಿದ್ರಾ? ಸಚಿವಾಲಯದ ಪತ್ರ ಎಲ್ಲಿ ಅಂದ್ರಾ? ಅದೇ ನಿಮ್ಮ ಸಮನ್ಸು ನೋಡಿ, ಒಂದು ಕಾಗದ... ಅದು ಮಾತ್ರ ಈ ಚೌಕ ದಾಟೋ ಹಾಗಿಲ್ಲ!

ನಗ್ತೀರಾ? ನಗಿ, ನಗಿ, ಆದ್ರೆ ಹತ್ತಿ ನುಂಗ್ಬೇಡಿ.

ನಾನು ಹುಟ್ಟಿದಾಗಿಂದ ಈ ಚೌಕದಲ್ಲಿ ಓಡಾಡಿದೀನಿ ಸಾಹೇಬ್ರೇ. ಅರ್ಧ ನಿಮ್ಮ ಉರುಗ್ವೆ, ಅರ್ಧ ನಮ್ಮ ಬ್ರೆಜಿಲ್, ನಡುವೆ ಒಂದು ಗಡಿಕಂಬ. ಆ ಕಡೆ ಬ್ರೆಡ್ಡು ಚೆನ್ನಾಗಿರತ್ತೆ, ಈ ಕಡೆ ಕಾಫಿ. ಆ ಕಡೆ ಕ್ಷೌರ, ಈ ಕಡೆ ಚಪ್ಪಲಿ ರಿಪೇರಿ. ಎರಡು ಬಾವುಟ ಹಾರಾಡ್ತವೆ, ಯಾವುದು ಯಾವ ಕಡೆ ಅಂತ ಹೊರಗಿನವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಗಡಿ ಅನ್ನೋದು ಒಂದಿದೆ ಅಂತ ನನಗೆ ಮೊದಲು ಹೇಳಿದ್ದು ನನ್ನ ವಕೀಲ ಪ್ರಾಟಿಸ್. ಹೋದ ವರ್ಷ ನೆಲ್ಬಾ ದಾವೆ ಹೂಡಿದಾಗ. "ಅತಾಲಿಬಾ, ನೀನು ಏನೂ ಮಾಡ್ಬೇಡ. ಈ ಕಡೆ ಕೂತ್ಕೊ, ಸಾಕು. ಒಂದು ದೇಶದ ಅಮೀನ ಇನ್ನೊಂದು ದೇಶದ ನೆಲದ ಮೇಲೆ ಸಮನ್ಸು ಜಾರಿ ಮಾಡೋ ಹಾಗಿಲ್ಲ, ಅದು ಸಾರ್ವಭೌಮತ್ವದ ಪ್ರಶ್ನೆ!" ಅಂದ. ಸಾರ್ವಭೌಮತ್ವ! ಎಂಥಾ ಮಾತು ಸಾಹೇಬ್ರೇ! ಅವತ್ತಿನವರೆಗೂ ನಾನು ಬರೀ ದಂತವೈದ್ಯ. ಅವತ್ತು ಸಂಜೆ ಚೌಕದ ಬೆಂಚಿನ ಮೇಲೆ ಕೂತು ಮಾಟೆ ಎಲೆಯ ಕಷಾಯ ಹೀರ್ತಿದ್ರೆ ನಾನೇ ಒಂದು ದೇಶ ಅನ್ನಿಸ್ತು.

ನಿಮ್ಮ ಅಮೀನಳು ಝುಲ್ಮಾ ಬಿಟ್ಟಾಳಾ? ಅಬ್ಬಬ್ಬ! ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಚೀಲದಲ್ಲಿ ನನ್ನ ಸಮನ್ಸು, ಕಂಬದ ಆ ಕಡೆ ಬಂದು ನಿಂತ್ಕೊಳ್ಳೋಳು. ನಾನು ಈ ಕಡೆ ಬೆಂಚಲ್ಲಿ. ನಮ್ಮಿಬ್ಬರ ನಡುವೆ ಎರಡು ಮೊಳ ನೆಲ. ಮಾಟೆ ಮಾತ್ರ ಕೈ ಚಾಚಿ ಕೊಡೋಳು, ನಾನು ಹೀರಿ ವಾಪಸ್ ಕೊಡ್ತಿದ್ದೆ. ಮಾಟೆ ಬೇಡ ಅನ್ನೋಕಾಗತ್ತಾ? ಮಾಟೆಗೂ ಕೇಸಿಗೂ ಏನು ಸಂಬಂಧ! ಸಮನ್ಸು ಕೊಡೋ ಹಾಗಿಲ್ಲ, ಮಾಟೆ ಕೊಡಬಹುದು. ಕಾನೂನು ಅಂದ್ರೆ ಹಾಗೆ.

ಒಂದಿನ ಅವಳಿಗೆ ರೇಗಿ ಹೋಯ್ತು. ಅಲ್ಲಿಂದಲೇ ಸಮನ್ಸು ಬಿಚ್ಚಿ, ಗಂಟಲು ಸರಿ ಮಾಡ್ಕೊಂಡು, ದೊಡ್ಡ ದನೀಲಿ ಓದಿಬಿಟ್ಳು! "ವಾದಿ ನೆಲ್ಬಾ ಒಲಿವೇರಾ, ಪ್ರತಿವಾದಿ ಅತಾಲಿಬಾ..." ಇಡೀ ಚೌಕ ಕೇಳ್ತು. ಐಸ್‌ಕ್ರೀಮ್ ಮಾರೋನು ಗಾಡಿ ನಿಲ್ಲಿಸಿ ಕೇಳ್ದ. ಮಾರನೇ ದಿನವೇ ಪ್ರಾಟಿಸ್ ಆಕ್ಷೇಪಣೆ ಹಾಕ್ದ... ನಿಮಗೆ ಬಂತಲ್ಲ? ಉರುಗ್ವೆಯ ಸರ್ಕಾರಿ ಧ್ವನಿ ಅನುಮತಿ ಇಲ್ಲದೆ ಬ್ರೆಜಿಲಿನ ಗಾಳಿಗೆ ನುಗ್ಗಿದೆ ಅಂತ! ನೀವು ಅದನ್ನ ಮಾನ್ಯ ಮಾಡಿದ್ರಿ. ಹೌದಾ ಇಲ್ವಾ? ತಲೆ ಆಡಿಸಿ ಸಾಕು. ಹೂಂ... ನಾನು ಆ ಆದೇಶ ಓದಿ ಎಷ್ಟು ನಕ್ಕೆ ಅಂದ್ರೆ, ಮನೆಯವರೆಲ್ಲ... ಮನೇಲಿ ಯಾರಿದಾರೆ, ನಾನೊಬ್ಬನೇ. ಒಬ್ಬನೇ ನಕ್ಕೆ.

ಆಮೇಲೆ ನೀವು ಸರಿಯಾದ ದಾರೀಲಿ ಕಳಿಸಿದ್ರಿ. ನಿಮ್ಮ ಕೋರ್ಟಿಂದ ನಿಮ್ಮ ರಾಜಧಾನಿ, ಅಲ್ಲಿಂದ ನಮ್ಮ ರಾಜಧಾನಿ, ಅಲ್ಲಿ ದೊಡ್ಡ ಕೋರ್ಟಿನ ಒಪ್ಪಿಗೆ, ಅಲ್ಲಿಂದ ಇಲ್ಲಿಗೆ. ಒಂದು ಬೀದಿ ದಾಟೋಕೆ ಅರ್ಧ ಖಂಡ ಸುತ್ತಬೇಕು! ನನ್ನ ಸಮನ್ಸು ನನಗಿಂತ ಜಾಸ್ತಿ ಊರು ನೋಡಿದೆ. ಎಲ್ಲೋ ಒಬ್ಬ ಗುಮಾಸ್ತ ವಾಪಸ್ ಕಳಿಸಿದ್ನಂತೆ, ವಿಳಾಸ ಸರಿ ಇಲ್ಲ ಅಂತ. ಯಾಕಂದ್ರೆ ನಿಮ್ಮವರು ಬರೆದಿದ್ದು "ಚೌಕದ ಎದುರಿಗೆ". ಯಾವ ಚೌಕ, ಯಾವುದರ ಎದುರಿಗೆ? ಅಲ್ಲಿ ಕೂತೋನಿಗೆ ಏನು ಗೊತ್ತು! ಈ ಊರಲ್ಲಿ ಹುಟ್ಟಿದೋರು ಮಾತ್ರ ಮಾಡೋ ತಪ್ಪು ಅದು. ನಮಗೆ ಜಗತ್ತಿನಲ್ಲಿ ಇರೋದೇ ಒಂದು ಚೌಕ.

ಮರಗಟ್ತಾ? ಈ ಕಡೆ ಮುಟ್ಟಿದ್ರೆ? ಗೊತ್ತಾಗಲ್ವಾ? ಸರಿ, ಬಾಯಿ ಅಗಲ. ಇಕ್ಕಳ ನೋಡ್ಬೇಡಿ, ಮೇಲೆ ನೋಡಿ. ದೀಪ ನೋಡಿ... ದೀಪ ನೋಡಿ ಅಂದ್ರೆ ಅಲ್ಲೆಲ್ಲಿ ನೋಡ್ತೀರಿ?

ಅದಾ? ಕಿಟಕಿ ಹತ್ರ ಇಟ್ಟಿರೋದಾ? ಅದು ಪ್ಲಾಸ್ಟರಿನ ಅಚ್ಚು. ಯಾರದೋ ಹಲ್ಲಿನ ಅಚ್ಚು. ಬೇಕರಿಯವನ ಹೆಂಡತೀದು. ಅಲುಗಾಡ್ಬೇಡಿ.

ಇದರ ಬೇರು ಎಷ್ಟು ಮೊಂಡು! ನಿಮ್ಮ ಹಾಗೇ. ಇಪ್ಪತ್ತು ವರ್ಷ ಜಡ್ಜಾಗಿದ್ರೂ ಒಬ್ಬರ ಹತ್ರ ಒಂದು ಕಪ್ ಕಾಫಿ ಕುಡಿದವರಲ್ಲವಂತೆ ನೀವು. ಝುಲ್ಮಾ ಹೇಳ್ತಾಳೆ. ಅದಕ್ಕೇ ಹೇಳ್ತೀನಿ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನನ್ನ ಕೋಪ ಇರೋದು ನೆಲ್ಬಾ ಮೇಲೆ. ಅವಳು ನನ್ನನ್ನ ಬಿಟ್ಟು ಮೊಂತೆವಿದೆಯೊ ಬಸ್ ಹತ್ತಿದಾಗ ಒಂದು ಮಾತು ಹೇಳಿದ್ಳಾ? ಬಸುರಿ ಅಂತ ಹೇಳಿದ್ಳಾ? ಜಗಳ ಆಡಿದ್ವಿ, ನಿಜ. ನಾನು ಬಾಗಿಲು ದಢಾರ್ ಅಂತ ಹಾಕಿ ಬಂದೆ, ನಿಜ. ಬೆಳಿಗ್ಗೆ ಹೋದ್ರೆ ಅಂಗಡಿಗೆ ಬೀಗ. ಇಷ್ಟು ವರ್ಷ ಆದ್ಮೇಲೆ ವಾಪಸ್ ಬಂದ್ಳು, ಆ ಕಡೆ ಅದೇ ಬೀದೀಲಿ, ಅದೇ ಟೈಲರಿಂಗ್ ಅಂಗಡಿ ತೆಗೆದ್ಳು, ನನ್ನ ಕಿಟಕಿಯಿಂದ ಅವಳ ಬೋರ್ಡು ಕಾಣತ್ತೆ. ಜೊತೇಲಿ ಒಂದು ಹುಡುಗಿ. ನೆಟ್ಟಗೆ ಬಂದು, "ಅತಾಲಿಬಾ, ಇವಳು ನಿನ್ನ ಮಗಳು" ಅನ್ನೋಕೆ ಏನಾಗಿತ್ತು ಧಾಡಿ? ಚೌಕ ದಾಟಿದ್ರೆ ಸಾಕಿತ್ತು! ಇಲ್ಲ, ಇವನೇ ಅಪ್ಪ ಅಂತ ತೀರ್ಪು ಕೊಡಿ ಅಂತ ಕೋರ್ಟಿಗೆ ಹೋದ್ಳು. ನನ್ನ ಮಗಳ ವಿಷಯ, ಅವಳ ಹೆಸರು ಕೂಡ, ನನಗೆ ಗೊತ್ತಾಗಿದ್ದು ವಕೀಲನ ಬಾಯಿಂದ!

"ನನ್ನ ಮಗಳು" ಅಂದ್ನಾ? ಅಂದಿದ್ರೆ ವಾಪಸ್ ತಗೊಂಡೆ. ಅವಳು ಹೇಳ್ಕೊಳ್ಳೋ ಮಗಳು. ಆರೋಪಿತ ಮಗಳು. ಇಲ್ಲಿ ಅಂದಿದ್ದು ಅಲ್ಲಿ ಲೆಕ್ಕಕ್ಕಿಲ್ಲ, ಗೊತ್ತಲ್ಲ?

ಹಿಡ್ಕೊಳ್ಳಿ... ಬಂತು... ಬಂತು... ಬಂತು! ಆಹಾ! ನೋಡಿ, ನೋಡಿ ಇದನ್ನ! ಎಂಥಾ ರಾಕ್ಷಸ! ಇದನ್ನ ಬಾಯಲ್ಲಿಟ್ಕೊಂಡು ತೀರ್ಪು ಬರೀತಿದ್ರಾ? ನಿಮ್ಮ ಕೋರ್ಟಲ್ಲಿ ಜನ ಸೋತಿದ್ದರಲ್ಲಿ ಆಶ್ಚರ್ಯ ಇಲ್ಲ. ಉಗೀರಿ. ಇನ್ನೊಂದ್ಸಲ. ಈಗ ಈ ಹತ್ತಿ ಗಟ್ಟಿಯಾಗಿ ಕಚ್ಕೊಳ್ಳಿ. ಬಿಡಬಾರದು, ಮಾತಾಡಬಾರದು.

ಮತ್ತೆ ಅಲ್ಲೇ ನೋಡ್ತೀರಲ್ಲ! ಹೇಳಿದ್ನಲ್ಲ, ಅದು... ಕಾನ್ವೆಂಟಿನ ಒಬ್ಬ ಸಿಸ್ಟರದು. ಏನು? ಬೇಕರಿಯವನ ಹೆಂಡತಿ ಅಂದಿದ್ನಾ? ಅವರದು ಪಕ್ಕದ್ದು. ಪಕ್ಕದಲ್ಲಿ ಏನೂ ಇಲ್ವಾ? ಕಪಾಟಲ್ಲಿದೆ. ನಿಮಗೇನು ಬಂತು ಸಾಹೇಬ್ರೇ, ಬೇರೆಯವರ ಬಾಯಿ ಉಸಾಬರಿ! ಹೌದು, ಸಣ್ಣದಾಗಿದೆ, ಸಿಸ್ಟರ್ ಸಣ್ಣ ಆಳು. ಹೌದು, ಮೇಲೆ ಬಾಚಿ ಹಲ್ಲಿನ ಪಕ್ಕ ಒಂದು ಹಲ್ಲಿಲ್ಲ. ಅದಕ್ಕೇ ತಾನೆ ಅಚ್ಚು ತೆಗೆದಿದ್ದು, ಕಟ್ಟಿಸಿದ ಹಲ್ಲು ಹಾಕೋಕೆ.

ಯಾಕೆ ಈಗ ನನ್ನ ಬಾಯಿ ನೋಡ್ತೀರಿ?

ಸರಿ. ನನಗೂ ಅದೇ ಜಾಗದಲ್ಲಿ ಕಟ್ಟಿಸಿದ ಹಲ್ಲೇ. ಹುಟ್ಟಿದಾಗಿಂದ ಅಲ್ಲಿ ಹಲ್ಲು ಬರಲೇ ಇಲ್ಲ. ನಮ್ಮಪ್ಪನಿಗೂ ಬರಲಿಲ್ಲ, ಅಜ್ಜನಿಗೂ ಬರಲಿಲ್ಲ. ಫಗುಂಡಿಸ್ ಮನೆ ಕಿಟಕಿ ಅಂತ ಊರವರು ತಮಾಷೆ ಮಾಡ್ತಿದ್ರು. ಅದರಿಂದ ಏನು ಸಾಬೀತಾಯ್ತು? ಲೋಕದಲ್ಲಿ ಎಷ್ಟೋ ಜನಕ್ಕೆ ಆ ಹಲ್ಲಿರಲ್ಲ. ಅದೇನು ನಮ್ಮ ಆಸ್ತಿಯಾ? ಆಮೇಲೆ, ಸಾಕ್ಷಿ ಅನ್ನೋದು ಈ ಕಡೆ ಇದೆ, ಕೋರ್ಟು ಆ ಕಡೆ ಇದೆ! ರಕ್ತಪರೀಕ್ಷೆ ಮಾಡಿಸಿ ಅಂತ ನೀವು ಆದೇಶ ಮಾಡಬಹುದು, ಆದ್ರೆ ರಕ್ತ ಬ್ರೆಜಿಲಲ್ಲಿದೆ!

ಅಬ್ಬಾ, ಹಾಗೆ ನೋಡ್ಬೇಡಿ ಮಾರಾಯ್ರೇ. ಹಲ್ಲು ಕಿತ್ತೋನು ನಾನು, ನೋವು ನನಗಾಗ್ತಿದೆ.

ಏಳಿ ನಿಧಾನಕ್ಕೆ. ತಲೆ ಸುತ್ತತ್ತಾ? ಸ್ವಲ್ಪ ಸುತ್ತತ್ತೆ. ಹಲ್ಲು ಕಿತ್ತ ಮೇಲೆ ಯಾರನ್ನೂ ಒಬ್ಬರೇ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ನಮ್ಮಪ್ಪನ ಕಾಲದಿಂದಲೂ ಹಾಗೇ, ಮನೆ ತನಕ ಬಿಟ್ಟು ಬರೋದು. ನಿಮ್ಮನ್ನ ಮಾತ್ರ ಕಂಬದ ತನಕ. ಅಲ್ಲಿಂದಾಚೆ ನೀವುಂಟು, ನಿಮ್ಮ ದೇಶ ಉಂಟು. ತಡೀರಿ, ಕೋಟು ಹಾಕ್ಕೊತೀನಿ. ಜೇಬಲ್ಲಿ... ಹಾಂ, ಇದೆ. ಏನಿಲ್ಲ, ಒಂದು ಡಬ್ಬಿ. ಬನ್ನಿ.

ಬೀಗ ಹಾಕ್ಬೇಕಾ? ಹಾಕೋಣ. ಯಾರೋ ಒಬ್ರು ಬರ್ಬೇಕಿತ್ತು, ಬೆಳಿಗ್ಗೆಯಿಂದ ಕಾಯ್ತಿದೀನಿ. ಇನ್ನು ಬರಲ್ಲ ಬಿಡಿ. ಅವರಮ್ಮನಿಗೆ ಗೊತ್ತಾಗಿರಬೇಕು.

ಉಫ್, ಎಂಥಾ ಚಳಿಗಾಳಿ! ತೋಳು ಹಿಡ್ಕೊಳ್ಳಿ. ಮೆಟ್ಟಿಲು ಇದೆ. ನಿಮಗೆ ಒಂದು ಮಾತು ಹೇಳ್ಲಾ? ಹತ್ತಿ ಕಚ್ಕೊಂಡಿರಿ, ಬರೀ ಕೇಳಿ. ಪ್ರಾಟಿಸ್ ನನಗೆ ಇನ್ನೂ ಒಂದು ಹೇಳಿದ್ದ. "ಅವರು ನಿನ್ನ ಮೋಸ ಮಾಡಿ ಆ ಕಡೆ ಕರೆಸಿ ಸಮನ್ಸು ಕೊಟ್ರೆ, ಹರಿದು ಬಿಸಾಕು. ಸುಳ್ಳು ಹೇಳಿ ಗಡಿ ದಾಟಿಸಿ ಕೊಟ್ಟಿದ್ದು ನಿಲ್ಲೋ ಹಾಗಿಲ್ಲ. ಆದ್ರೆ ನೀನಾಗಿ ನೀನೇ, ನಿನ್ನ ಕಾಲಲ್ಲೇ, ಒಂದು ಬನ್ನು ತಗೊಳ್ಳೋಕಾದ್ರೂ ಆ ಕಡೆ ಹೋದೆಯೋ, ಮುಗೀತು." ಒಂದ್ಸಲ ಮಾಂಸದಂಗಡಿಯಿಂದ ಫೋನು ಬಂತು, "ಡಾಕ್ಟ್ರೇ, ಒಳ್ಳೇ ಪಕ್ಕೆಲುಬು ಬಂದಿದೆ, ಬನ್ನಿ" ಅಂತ. ದನಿ ನೋಡಿದ್ರೆ ಝುಲ್ಮಾ ತಮ್ಮಂದು! ನಾನು ನಗ್ತಾ ಫೋನಿಟ್ಟೆ. ಈಗ ಆ ಕಡೆ ಬ್ರೆಡ್ಡು ತಿಂದು ವರ್ಷ ಆಗ್ತಾ ಬಂತು ಸಾಹೇಬ್ರೇ. ಈ ಕಡೆ ಬ್ರೆಡ್ಡು ಬ್ರೆಡ್ಡಾ ಅದು? ಹತ್ತಿ! ನೀವು ಕಚ್ಕೊಂಡಿದೀರಲ್ಲ, ಅದೇ!

ಹಾಂ, ಕಂಬ ಬಂತು. ತೆಗೀರಿ ಹತ್ತಿ, ನೋಡೋಣ. ರಕ್ತ ನಿಂತಿದೆ. ಚೆನ್ನಾಗಾಯ್ತು. ಈಗ ಮಾತಾಡಬಹುದು. ಮಾತಾಡಿ... ಏನಾದ್ರೂ ಬೈರಿ! ಇಷ್ಟು ಹೊತ್ತು ನಾನೊಬ್ಬನೇ ಬಡ್ಕೊಂಡೆ.

ಮಾತಾಡಲ್ವಾ? ಇನ್ನೂ ಮರಗಟ್ಟಿದೆಯೇನೋ. ಇರಲಿ, ನಿಧಾನಕ್ಕೆ.

ಆ ಹುಡುಗಿ ಬಂದಿದ್ಳು ಸಾಹೇಬ್ರೇ. ಹೇಳಿಬಿಡ್ತೀನಿ. ಸಿಸ್ಟರೂ ಇಲ್ಲ, ಬೇಕರಿಯವನ ಹೆಂಡತೀನೂ ಇಲ್ಲ. ಒಬ್ಬಳೇ ಬಂದ್ಳು, ಸ್ಕೂಲಿನ ಬಿಳಿ ಶರ್ಟು ಹಾಕ್ಕೊಂಡು, ಯಾವುದೋ ಸುಳ್ಳು ಹೆಸರು ಹೇಳಿದ್ಳು. "ಬಾಯಿ ತೆರಿ" ಅಂದೆ. ತೆರೆದ್ಳು. ಸಾಹೇಬ್ರೇ... ಕಿಟಕಿ! ನಮ್ಮಪ್ಪನ ಬಾಯಿ, ನಮ್ಮಜ್ಜನ ಬಾಯಿ, ಆ ಇಷ್ಟು ಚಿಕ್ಕ ಮುಖದಲ್ಲಿ! ಊರಿನ ಹುಡುಗೀರನ್ನೆಲ್ಲ ನಾನು "ಮಗಳೇ" ಅಂತಲೇ ಕರೆಯೋದು, ಅವತ್ತು ಆ ಮಾತು ನಾಲಿಗೆಗೆ ಬರಲೇ ಇಲ್ಲ. "ಯಾಕೆ ಹಲ್ಲು?" ಅಂದೆ. "ಶನಿವಾರ ನನಗೆ ಹದಿನೈದು ತುಂಬೋ ಹಬ್ಬ, ಫೋಟೋದಲ್ಲಿ ಬಾಯಿ ಬಿಟ್ಟು ನಗ್ಬೇಕು" ಅಂದ್ಳು. "ಮೊದಲ ವಾಲ್ಟ್ಸ್ ಕುಣಿತ ಯಾರ ಜೊತೆ?" ಅಂದೆ. ನಾನ್ಯಾಕೆ ಕೇಳ್ಬೇಕಿತ್ತು, ಹೇಳಿ! ಅಪ್ಪ ಕುಣೀಬೇಕು, ಅದು ಎಲ್ಲರಿಗೂ ಗೊತ್ತು. ಅವಳು ನನ್ನನ್ನೇ ನೋಡಿದ್ಳು. "ಮಾವನ ಜೊತೆ, ಅವನು ಕಾಲು ತುಳೀತಾನೆ" ಅಂದ್ಳು. ನಾನು ಏನಂದೆ ಗೊತ್ತಾ? "ಗುರುವಾರ ಬಾ" ಅಂದೆ. ಅಷ್ಟೇ. ವ್ಯಾಪ್ತಿ, ಸಾರ್ವಭೌಮತ್ವ, ಆಕ್ಷೇಪಣೆ, ಎಲ್ಲ ಮಾತೂ ಬರೋ ಬಾಯಿಗೆ ಅವತ್ತು ಅಷ್ಟೇ ಬಂದಿದ್ದು. ಇವತ್ತು ಗುರುವಾರ.

ಅವಳು ಬರಲಿಲ್ಲ. ಡಬ್ಬೀಲಿ ಇರೋದು ಅದೇ ಹಲ್ಲು. ಎಷ್ಟು ಚೆನ್ನಾಗಿ ಕೂಡಿದೆ ಗೊತ್ತಾ ಬಣ್ಣ! ಮೂರು ಸಲ ಮಾಡಿ ಮೂರು ಸಲ ಮುರಿದೆ, ನಾಲ್ಕನೇದು ಇದು. ನಾಳೆ ನಾಡಿದ್ದರೊಳಗೆ ಕೂರಿಸಿಲ್ಲ ಅಂದ್ರೆ... ಅವಳು ಕೈ ಅಡ್ಡ ಇಟ್ಕೊಂಡು ನಗ್ತಾಳೆ. ನಾನೂ ಹುಡುಗನಾಗಿದ್ದಾಗ ಎಲ್ಲ ಫೋಟೋದಲ್ಲೂ ಹಾಗೇ ನಿಂತಿದೀನಿ. ಒಂದರಲ್ಲೂ ನನ್ನ ಬಾಯಿಲ್ಲ.

ಏನಾದ್ರೂ ಹೇಳಿ ಸಾಹೇಬ್ರೇ. ಛೀ ಅನ್ನಿ, ಥೂ ಅನ್ನಿ. ಮರಗಟ್ಟಿದೆ ಅಂತ ನೆಪ ಹೇಳ್ಬೇಡಿ, ಈಗ ತಾನೇ ಆ ಹೂವಿನವಳಿಗೆ ನಮಸ್ಕಾರ ಅಂದ್ರಲ್ಲ, ಎಷ್ಟು ಸ್ಪಷ್ಟವಾಗಿ ಅಂದ್ರಿ! ಅವಳ ಹತ್ರ ಮಾತಾಡೋಕೆ ಬಾಯಿದೆ, ನನ್ನ ಹತ್ರ ಇಲ್ವಾ?

ಹೂವಿನವಳು...

ಹೂವಿನವಳು ಕೂರೋದು ನಿಮ್ಮ ಕಡೆ ಅಲ್ವಾ?

ತಡೀರಿ. ಕಂಬ ಎಲ್ಲಿ? ಅಯ್ಯಯ್ಯೋ, ಕಂಬ ಅಷ್ಟು ಹಿಂದೆ ಯಾವಾಗ ಹೋಯ್ತು? ನಿಮ್ಮ ಮನೇನೂ ದಾಟಿ ಬಂದಿದೀವಿ! ಔಷಧಿ ಅಂಗಡಿ ಮೇಲಲ್ವಾ ನಿಮ್ಮ ಮನೆ? ಅದು ಆಗಲೇ ಹೋಯ್ತು! ನೀವ್ಯಾಕೆ ಹೇಳಲಿಲ್ಲ? ನನ್ನ ತೋಳು ನೀವು ಹಿಡಿದಿದ್ರಿ... ಅಲ್ಲ. ನೋಡಿ. ನಿಮ್ಮ ತೋಳು ನಾನು ಹಿಡಿದಿದೀನಿ. ನಾನೇ ಎಳ್ಕೊಂಡು ಬಂದಿದೀನಿ.

ಓಹೋ... ಓಹೋಹೋ! ಈಗ ಗೊತ್ತಾಯ್ತು! ಒಂದೇ ಒಂದು ಮಾತು, "ಬನ್ನಿ ಡಾಕ್ಟ್ರೇ, ಮನೆ ತನಕ ಬಿಡಿ" ಅಂತ ನೀವು ಅಂದಿದ್ರೆ ಸಾಕಿತ್ತು, ಮೋಸ ಮಾಡಿ ಕರೆಸಿದ್ರು ಅಂತ ನಾನು ಕೂಗಾಡಬಹುದಿತ್ತು. ಪ್ರಾಟಿಸ್ ಹತ್ತು ಪುಟ ಬರೀತಿದ್ದ! ಕಂಬದ ಹತ್ರ ಹತ್ತಿ ತೆಗೆದ ಮೇಲೂ ನೀವು ಬಾಯಿ ಬಿಡಲಿಲ್ಲ. ಹೋಗು ಅನ್ನಲಿಲ್ಲ, ಬಾ ಅನ್ನಲಿಲ್ಲ. ನನ್ನ ಕಾಲು ಎಲ್ಲಿಗೆ ಹೋಗತ್ತೆ ಅಂತ ಸುಮ್ಮನೆ ನೋಡಿದ್ರಿ. ಈಗಲೂ ಸುಮ್ಮನೆ ನಿಂತಿದೀರಿ. ನನಗಿಂತ ಮೊದಲೇ ನಿಮಗೆ ಗೊತ್ತಿತ್ತು ಅಲ್ವಾ? ಇಡೀ ವರ್ಷ ಆ ಬೆಂಚಿನ ಮೇಲೆ ನಾನು ಕೂತಿದ್ದು ಸಮನ್ಸಿಂದ ತಪ್ಪಿಸ್ಕೊಳ್ಳೋಕಲ್ಲ. ತಪ್ಪಿಸ್ಕೊಳ್ಳೋನು ದೂರದ ಊರಿಗೆ ಹೋಗ್ತಾನೆ, ಅಂಗಡಿ ಬಾಗಿಲು ಕಾಣೋ ಬೆಂಚಲ್ಲಿ ಕೂರಲ್ಲ.

ಮಾತಾಡ್ಬೇಡಿ ಈಗ, ಮಾತಾಡ್ಬೇಡಿ. ಹಾಗೇ ಇರಿ. ನೀವು ಏನಾದ್ರೂ ಅಂದ್ರೆ ನಾನು ವಾದ ಮಾಡ್ತೀನಿ, ನನಗೆ ಗೊತ್ತು.

ಏನ್ ಝುಲ್ಮಾ, ನೆಲ್ಬಾ ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದೀಯಾ? ಮಾಟೆ ಆಮೇಲೆ ಕೊಡು. ಬಾಯಿ ಯಾಕೆ ಹಾಗೆ ಬಿಟ್ಕೊಂಡಿದೀಯ, ನಾನಿನ್ನು ಇವತ್ತು ಯಾರ ಹಲ್ಲೂ ಕೀಳಲ್ಲ. ಅದು ಕೈಚೀಲದಲ್ಲೇ ಇದೆ ತಾನೆ? ಸಾಹೇಬ್ರ ಮುಖ ನೋಡ್ಬೇಡ, ಅವರು ನನ್ನ ಕರ್ಕೊಂಡು ಬಂದಿಲ್ಲ. ಕೊಡು ಇಲ್ಲಿ. ಎಲ್ಲಿ ಸಹಿ? ಇಲ್ಲೇನಾ? "ಪ್ರತಿವಾದಿ ಖುದ್ದಾಗಿ ಸ್ವೀಕರಿಸಿದ್ದಾರೆ"... ಹೂಂ. ಖುದ್ದಾಗಿ. ಆಯ್ತು, ತಗೊ. ಸ್ವಲ್ಪ ದಾರಿ ಬಿಡು.

ನೆಲ್ಬಾ, ಹೊಲಿಯೋ ಮಿಷನ್ ನಿಲ್ಲಿಸ್ಬೇಡ, ನಿಂಗೆ ಆಮೇಲೆ ಸಿಗ್ತೀನಿ, ನಿನ್ನ ಹತ್ರ ಹದಿನೈದು ವರ್ಷದ ಜಗಳ ಬಾಕಿ ಇದೆ. ಎಲ್ಲಿ ಅವಳು? ಒಳಗಾ? ಅನಾಯಿ! ಅಲ್ಲಿ ಬಟ್ಟೆ ಹಿಂದೆ ಯಾಕೆ ನಿಂತ್ಕೊಂಡೆ, ಬಾ. ಹೆದರ್ಬೇಡ. ಬಾಯಿಗೆ ಅಡ್ಡ ಇಟ್ಟಿದೀಯಲ್ಲ, ಆ ಕೈ ತೆಗಿ. ಹಾಂ. ಬೆಳಕಿನ ಕಡೆ ತಿರುಗು.

ಬಾಯಿ ತೆರಿ, ಮಗಳೇ.